ಬೂಟ್ ಆಗದ ವರ್ಚುವಲ್ ಮಷೀನ್‌ನಿಂದ ಫೈಲ್‌ಗಳನ್ನು ಹೊರತೆಗೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ವಿಎಂ (ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರ್‌ನೊಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್) ಬೂಟ್ ಆಗುತ್ತಿಲ್ಲ ಎಂದು ಗೊತ್ತಾದ ಕೂಡಲೇ ಬಹಳಷ್ಟು ಜನ ಮತ್ತೆ ಆನ್ ಮಾಡಿ ನೋಡುತ್ತಾರೆ. ಆಗಲೂ ಏಳದಿದ್ದರೆ ಹಳೆಯ ಸ್ನ್ಯಾಪ್‌ಶಾಟ್‌ಗೆ (ಹಿಂದೊಂದು ಕ್ಷಣದಲ್ಲಿ ಉಳಿಸಿಟ್ಟ ವಿಎಂ ಸ್ಥಿತಿಗೆ) ಹಿಂತಿರುಗುತ್ತಾರೆ, ವಿಂಡೋಸ್‌ನ ಸ್ಟಾರ್ಟಪ್ ರಿಪೇರಿ ಓಡಿಸುತ್ತಾರೆ, ಜಾಗ ಸಾಲದೇನೋ ಎಂದು ವಿಎಂ ಫೋಲ್ಡರ್‌ನಲ್ಲಿ ಬೇಡವೆನಿಸಿದ್ದನ್ನು ಅಳಿಸುತ್ತಾರೆ. ಡೇಟಾ ನಿಜವಾಗಿ ಹಾಳಾಗುವುದು ಹೆಚ್ಚಾಗಿ ಈ ಗಡಿಬಿಡಿಯಲ್ಲಿ. ಬೂಟ್ ಮೊದಲ ಸಲ ನಿಂತಾಗ ನಿಮ್ಮ ಡಾಕ್ಯುಮೆಂಟ್, ಕೋಡ್, ಡೇಟಾಬೇಸ್ ಎಲ್ಲವೂ ಡಿಸ್ಕ್ ಫೈಲ್‌ನೊಳಗೆ ಬಹುಪಾಲು ಹಾಗೇ ಇದ್ದವು.

ಬೂಟ್ ಆಗಲು ಬೂಟ್‌ಲೋಡರ್ ಬೇಕು, ಕರ್ನಲ್ ಬೇಕು, ಸರಿಯಾದ ಡ್ರೈವರ್ ಬೇಕು, ಸೆಟ್ಟಿಂಗ್‌ಗಳು ಹೊಂದಬೇಕು. ನಿಮ್ಮ ಫೈಲ್‌ಗಳನ್ನು ಓದಲು ಇವು ಯಾವುವೂ ಬೇಡ. ಬಾಗಿಲ ಬೀಗ ಕೆಟ್ಟ ಮಾತ್ರಕ್ಕೆ ಒಳಗಿನ ಬೀರು ಕೆಡುವುದಿಲ್ಲ. ಹಾಗಾಗಿ ವಿಎಂ ಎಬ್ಬಿಸುವ ಕೆಲಸವನ್ನೂ ಫೈಲ್ ಹೊರತೆಗೆಯುವ ಕೆಲಸವನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಿ. ಫೈಲ್ ಮೊದಲು, ರಿಪೇರಿ ಆಮೇಲೆ. ಈ ಮಾರ್ಗದರ್ಶಿ ಪೂರ್ತಿ ಮೊದಲನೆಯದರ ಬಗ್ಗೆ.

ಹಂತ 1: ಎಲ್ಲಿ ನಿಂತಿದೆ ಎಂದು ಗುರುತಿಸಿ

"ಬೂಟ್ ಆಗುತ್ತಿಲ್ಲ" ಎಂಬ ಒಂದೇ ದೂರಿನ ಹಿಂದೆ ಎರಡು ಬೇರೆ ತೊಂದರೆಗಳಿರುತ್ತವೆ.

ಮೊದಲನೆಯದರಲ್ಲಿ ವಿಎಂ ಶುರುವೇ ಆಗುವುದಿಲ್ಲ. ವಿಎಂ ಓಡಿಸುವ ಸಾಫ್ಟ್‌ವೇರ್ (ಹೈಪರ್‌ವೈಸರ್), ಅಂದರೆ ವರ್ಚುವಲ್‌ಬಾಕ್ಸ್, ವಿಎಂವೇರ್, ಹೈಪರ್-ವಿ ಅಥವಾ ಕೆವಿಎಂ, ಏನಾದರೂ ಎರರ್ ತೋರಿಸಿ ನಿಲ್ಲುತ್ತದೆ: ಫೈಲ್ ಸಿಗಲಿಲ್ಲ, ಫೈಲ್ ಲಾಕ್ ಆಗಿದೆ, ಜಾಗ ಸಾಲದು, ಪೇರೆಂಟ್ ಡಿಸ್ಕ್ (ಸ್ನ್ಯಾಪ್‌ಶಾಟ್‌ಗೆ ಆಧಾರವಾದ ಹಿಂದಿನ ಡಿಸ್ಕ್) ಬದಲಾಗಿದೆ. ಇಲ್ಲಿ ಗೆಸ್ಟ್ ಓಎಸ್‌ಗೆ (ವಿಎಂ ಒಳಗಿನ ಓಎಸ್) ಏನೂ ಆಗಿರಲಿಕ್ಕಿಲ್ಲ, ತೊಡಕು ಹೋಸ್ಟ್‌ನ (ವಿಎಂ ಓಡಿಸುವ ನಿಜವಾದ ಕಂಪ್ಯೂಟರ್) ಬದಿಯದು. ಮೊಟ್ಟಮೊದಲು ಹೋಸ್ಟ್‌ನ ಡಿಸ್ಕ್‌ನಲ್ಲಿ ಖಾಲಿ ಜಾಗ ಎಷ್ಟಿದೆ ನೋಡಿ. ಬಳಸಿದಂತೆಲ್ಲ ಬೆಳೆಯುವ ಡೈನಾಮಿಕ್ ಡಿಸ್ಕ್‌ಗಳು, ಮರೆತುಬಿಟ್ಟ ಸ್ನ್ಯಾಪ್‌ಶಾಟ್‌ಗಳು ಸದ್ದಿಲ್ಲದೆ ಡ್ರೈವ್ ತುಂಬಿಸಿಬಿಡುತ್ತವೆ. ಜಾಗ ಮಾಡಬೇಕಿದ್ದರೆ ವಿಎಂಗೆ ಸಂಬಂಧವಿಲ್ಲದ ಫೈಲ್‌ಗಳನ್ನು ಬೇರೆಡೆಗೆ ಸಾಗಿಸಿ. ವಿಎಂ ಫೋಲ್ಡರ್‌ನೊಳಗೆ ಮಾತ್ರ ಕೈ ಹಾಕಬೇಡಿ.

ಎರಡನೆಯದರಲ್ಲಿ ವಿಎಂ ಶುರುವಾಗುತ್ತದೆ, ಒಳಗಿನ ಓಎಸ್ ಮುಗ್ಗರಿಸುತ್ತದೆ. ಗ್ರಬ್ ರೆಸ್ಕ್ಯೂ ಪ್ರಾಂಪ್ಟ್, ಕರ್ನಲ್ ಪ್ಯಾನಿಕ್, ನೀಲಿ ಪರದೆ, ಬೂಟ್ ಆಗಬಲ್ಲ ಮೀಡಿಯಾ ಇಲ್ಲ ಎಂಬ ಸಂದೇಶ, ಇವೆಲ್ಲ ಈ ಗುಂಪಿನವು. ಒಂದು ವಿಷಯ ಇಲ್ಲಿ ಗಮನಿಸಿ. ವಿಎಂ ಅನ್ನು ಇತ್ತೀಚೆಗೆ ಬೇರೆ ಹೋಸ್ಟ್‌ಗೆ ತಂದಿದ್ದರೆ, ಅಥವಾ ಹೊಸ ಕಾನ್ಫಿಗರೇಶನ್‌ಗೆ ಹಳೆಯ ಡಿಸ್ಕ್ ಜೋಡಿಸಿದ್ದರೆ, ಬೂಟ್ ಶುರುಮಾಡುವ ಫರ್ಮ್‌ವೇರ್ ಯುಇಎಫ್‌ಐ ಮತ್ತು ಹಳೆಯ ಬಯೋಸ್ ನಡುವೆ ಅದಲುಬದಲಾಗಿರಬಹುದು. ಡಿಸ್ಕ್ ಜೋಡಣೆಯ ವಿಧ ಬದಲಾಗಿ ಐಡಿಇ ಇದ್ದಲ್ಲಿ ಸಾಟಾ, ಎಸ್‌ಸಿಎಸ್‌ಐ ಇದ್ದಲ್ಲಿ ಎನ್‌ವಿಎಂಇ ಬಂದಿರಬಹುದು. ವಿಂಡೋಸ್‌ನಲ್ಲಿ "ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್" ಎಂಬ ನೀಲಿ ಪರದೆಗೆ ಇದು ಸಾಮಾನ್ಯ ಕಾರಣ. ಸೆಟ್ಟಿಂಗ್ ಹಿಂದಿನಂತೆ ಮಾಡಿದರೆ ವಿಎಂ ಎದ್ದು ಕೂರುತ್ತದೆ. ಆದರೂ ಅದನ್ನು ಪರೀಕ್ಷಿಸುವುದು ಕಾಪಿ ಮಾಡಿದ ನಂತರವೇ.

ಸಸ್ಪೆಂಡ್ ಅಥವಾ ಸೇವ್ ಆದ ಸ್ಥಿತಿಯಿಂದ ವಿಎಂ ಮತ್ತೆ ಏಳದಿದ್ದರೆ ಆ ಸೇವ್ಡ್ ಸ್ಟೇಟ್ ಕೈಬಿಡಬೇಕಾಗಬಹುದು. ಹಾಗೆ ಕೈಬಿಡುವುದೆಂದರೆ ಓಡುತ್ತಿದ್ದ ಕಂಪ್ಯೂಟರ್‌ನ ಕರೆಂಟ್ ತೆಗೆದಂತೆಯೇ. ಮೆಮೊರಿಯಲ್ಲಿದ್ದು ಇನ್ನೂ ಸೇವ್ ಆಗದ ಕೆಲಸ ಹೋಗುತ್ತದೆ, ಡಿಸ್ಕ್‌ನಲ್ಲಿ ಬರೆದದ್ದು ಉಳಿಯುತ್ತದೆ.

ಹಂತ 2: ಏನನ್ನೂ ಮುಟ್ಟುವ ಮೊದಲು ಇಡೀ ಫೋಲ್ಡರ್ ಕಾಪಿ ಮಾಡಿ

ಭೌತಿಕ ಕಂಪ್ಯೂಟರ್ ಕೆಟ್ಟಾಗ ಇಲ್ಲದ ಒಂದು ದೊಡ್ಡ ಅನುಕೂಲ ಇಲ್ಲಿದೆ. ಡಿಸ್ಕ್ ಎಂಬುದು ಬರೀ ಫೈಲ್, ಅದನ್ನು ಹಾಗೇ ನಕಲು ಮಾಡಬಹುದು. ಈ ಅನುಕೂಲವನ್ನು ಬಳಸದೆ ಮೂಲದ ಮೇಲೆಯೇ ಪ್ರಯೋಗ ಮಾಡುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ, "ಡಿಸ್ಕ್ 500 ಜಿಬಿ ಇದೆ, ಟೈಮ್ ಆಗುತ್ತದೆ" ಎಂಬುದೂ ಸೇರಿ.

ಮೊದಲು ವಿಎಂ ಪೂರ್ತಿ ನಿಂತಿದೆಯೇ ಖಚಿತಪಡಿಸಿಕೊಳ್ಳಿ. ಕಿಟಕಿ ಮುಚ್ಚಿದರೂ ಹಿನ್ನೆಲೆಯಲ್ಲಿ ಪ್ರೊಸೆಸ್ ಉಳಿದಿರಬಹುದು. ಟಾಸ್ಕ್ ಮ್ಯಾನೇಜರ್‌ನಲ್ಲೋ ಪ್ರೊಸೆಸ್ ಪಟ್ಟಿಯಲ್ಲೋ ನೋಡಿ. ಓಡುತ್ತಿರುವ ವಿಎಂನ ಡಿಸ್ಕ್ ಕಾಪಿ ಮಾಡಿದರೆ ಅರ್ಧ ಹಳೆಯದು, ಅರ್ಧ ಹೊಸದು ಸೇರಿದ ಕಲಸುಮೇಲೋಗರ ಸಿಗುತ್ತದೆ. ವಿಎಂವೇರ್ ವರ್ಕ್‌ಸ್ಟೇಷನ್‌ನಲ್ಲಿ ಎಲ್‌ಸಿಕೆ ಎಂದು ಕೊನೆಯಾಗುವ ಫೋಲ್ಡರ್‌ಗಳು ಲಾಕ್ ಗುರುತುಗಳು. ಪ್ರೊಸೆಸ್ ಯಾವುದೂ ಓಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಅವನ್ನು ಪಕ್ಕಕ್ಕೆ ಸರಿಸಬಹುದು. ಕೆಲವೊಮ್ಮೆ ಅಷ್ಟಕ್ಕೇ ಸಮಸ್ಯೆ ಮುಗಿದೂ ಹೋಗುತ್ತದೆ.

ಡಿಸ್ಕ್ ಫೈಲ್ ಒಂದನ್ನೇ ಎತ್ತಿಕೊಳ್ಳಬೇಡಿ, ಇಡೀ ಫೋಲ್ಡರ್ ತೆಗೆದುಕೊಳ್ಳಿ: ಕಾನ್ಫಿಗರೇಶನ್ ಫೈಲ್, ಸ್ನ್ಯಾಪ್‌ಶಾಟ್‌ಗಳು, ಲಾಗ್‌ಗಳು ಎಲ್ಲ ಸಮೇತ. ಕಾಪಿ ಹೋಗುವ ಡ್ರೈವ್ ಎಫ್‌ಎಟಿ32 ಆಗಿದ್ದರೆ 4 ಜಿಬಿ ಮೀರಿದ ಫೈಲ್ ಅದರಲ್ಲಿ ಕೂರುವುದಿಲ್ಲ. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಅಥವಾ ಇಎಕ್ಸ್‌ಟಿ4 ಇರಲಿ. ಕಾಪಿ ಮುಗಿದ ಮೇಲೆ ಎರಡೂ ಕಡೆ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಹೋಲಿಸಿ.

ಕಾಪಿ ಮಾಡುವಾಗಲೇ ಓದುವ ಎರರ್ ಬಂದರೆ ಹೋಸ್ಟ್‌ನ ಭೌತಿಕ ಡಿಸ್ಕ್ ಸಾಯುತ್ತಿದೆ ಎಂದು ಅರ್ಥ. ಆಗ ಸಾಮಾನ್ಯ ಕಾಪಿ ನಿಲ್ಲಿಸಿ. ಗ್ನು ಡಿಡಿರೆಸ್ಕ್ಯೂ ಬಳಸಿ: ಅದು ಚೆನ್ನಾಗಿರುವ ಭಾಗವನ್ನು ಮೊದಲು ಓದಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಮರಳುತ್ತದೆ. ಮ್ಯಾಪ್ ಫೈಲ್ ಕೊಟ್ಟು ಓಡಿಸಿದರೆ ಮಧ್ಯದಲ್ಲಿ ನಿಂತರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದು ಒಳಗಿನ ಡೇಟಾ ಬೆಲೆಬಾಳುವಂಥದ್ದಾಗಿದ್ದರೆ ಇಲ್ಲೇ ಕೈಬಿಟ್ಟು ವೃತ್ತಿಪರ ಡೇಟಾ ರಿಕವರಿಯವರ ಬಳಿ ಹೋಗಿ.

ಹಂತ 3: ಸ್ನ್ಯಾಪ್‌ಶಾಟ್ ಸರಪಳಿ ಅರ್ಥಮಾಡಿಕೊಳ್ಳಿ

ಈ ಹಂತ ಹಾರಿಸಿದವರಿಗೆ "ಫೈಲ್ ಸಿಕ್ಕಿತು, ಆದರೆ ಎಲ್ಲ ಆರು ತಿಂಗಳು ಹಳೆಯವು" ಎಂಬ ಆಘಾತ ಕಾದಿರುತ್ತದೆ.

ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಮೂಲ ಡಿಸ್ಕ್‌ಗೆ ಬರೆಯುವುದು ಸಾಮಾನ್ಯವಾಗಿ ನಿಲ್ಲುತ್ತದೆ. ಆಮೇಲಿನ ಬದಲಾವಣೆಗಳೆಲ್ಲ ಹೊಸ ಫೈಲ್‌ಗೆ ಹೋಗುತ್ತವೆ. ಇನ್ನೊಂದು ಸ್ನ್ಯಾಪ್‌ಶಾಟ್ ತೆಗೆದರೆ ಮತ್ತೊಂದು ಫೈಲ್. ಇತ್ತೀಚಿನ ಸ್ಥಿತಿ ಬೇಕೆಂದರೆ ತುದಿಯ ಫೈಲ್‌ನಿಂದ ಬುಡದವರೆಗೆ ಇಡೀ ಸರಪಳಿಯನ್ನು ಒಟ್ಟಾಗಿ ಓದಬೇಕು. ದೊಡ್ಡದಾಗಿ ಕಾಣುವ ಮೂಲ ಡಿಸ್ಕ್ ಒಂದನ್ನೇ ತೆರೆದರೆ ಮೊದಲ ಸ್ನ್ಯಾಪ್‌ಶಾಟ್ ದಿನದ ಸ್ಥಿತಿ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದು ಮೂಲವನ್ನು ಬರೆಯಲು ಬರುವಂತೆ ತೆರೆಯುವುದು. ಒಂದೇ ಒಂದು ಬೈಟ್ ಬದಲಾದರೂ ಅದರ ಮೇಲೆ ನಿಂತ ಬದಲಾವಣೆಗಳಿಗೂ ಅದಕ್ಕೂ ತಾಳೆ ತಪ್ಪುತ್ತದೆ.

ವಿಎಂವೇರ್‌ನಲ್ಲಿ ಸರಪಳಿ ಗುರುತಿಸುವುದು ಸುಲಭ. ಸ್ನ್ಯಾಪ್‌ಶಾಟ್ ಡಿಸ್ಕ್‌ಗಳ ಹೆಸರಿನ ಕೊನೆಗೆ 000001, 000002 ಎಂಬ ಸಂಖ್ಯೆ ಇರುತ್ತದೆ. ಈಗ ಯಾವುದು ಬಳಕೆಯಲ್ಲಿದೆ ಎಂಬುದನ್ನು ವಿಎಂಎಕ್ಸ್ ಎಂಬ ಕಾನ್ಫಿಗರೇಶನ್ ಫೈಲ್ ಹೇಳುತ್ತದೆ. ಅದು ಸಾದಾ ಪಠ್ಯ, ಯಾವ ಎಡಿಟರ್‌ನಲ್ಲಾದರೂ ತೆರೆಯುತ್ತದೆ. ಪ್ರತಿ ಡಿಸ್ಕ್‌ನ ಡಿಸ್ಕ್ರಿಪ್ಟರ್‌ನಲ್ಲಿ (ಡಿಸ್ಕ್‌ನ ವಿವರ ಬರೆದ ಪಠ್ಯ) ತನ್ನ ಸಿಐಡಿ (ಗುರುತಿನ ಸಂಖ್ಯೆ), ಪೇರೆಂಟ್‌ನ ಸಿಐಡಿ, ಪೇರೆಂಟ್ ಫೈಲ್‌ನ ಹೆಸರು ಇರುತ್ತವೆ. ಇವು ಹೊಂದದಿದ್ದಾಗ ಬರುವುದೇ "ಪೇರೆಂಟ್ ಬದಲಾಗಿದೆ" ಎಂಬ ಎರರ್. ಮೂಲಕ್ಕೆ ಯಾರೂ ಬರೆದಿಲ್ಲ ಎಂದು ಖಾತ್ರಿಯಿದ್ದರೆ ಮಾತ್ರ, ಅದೂ ಕಾಪಿಯಲ್ಲಿ, ಆ ಸಂಖ್ಯೆಯನ್ನು ಕೈಯಾರೆ ತಿದ್ದಬಹುದು. ಸರಪಳಿಯನ್ನು ಒಂದೇ ಡಿಸ್ಕ್ ಮಾಡಲು ಪೂರ್ಣ ಕ್ಲೋನ್ ತೆಗೆಯಿರಿ, ಅಥವಾ ತುದಿಯ ಡಿಸ್ಕ್ ಅನ್ನು ವಿಎಂವೇರ್-ವಿಡಿಸ್ಕ್‌ಮ್ಯಾನೇಜರ್ ಉಪಕರಣಕ್ಕೆ ಕೊಟ್ಟು ಹೊಸ ಫೈಲ್‌ಗೆ ಪರಿವರ್ತಿಸಿ.

ವಿಎಂವೇರ್‌ನ ಸರ್ವರ್ ಹೈಪರ್‌ವೈಸರ್ ಆದ ಇಎಸ್‌ಎಕ್ಸ್‌ಐನಲ್ಲಿ ಡಿಸ್ಕ್ ಎರಡು ಭಾಗವಾಗಿರುತ್ತದೆ: ಚಿಕ್ಕ ಪಠ್ಯ ಡಿಸ್ಕ್ರಿಪ್ಟರ್ ಮತ್ತು ಫ್ಲ್ಯಾಟ್ ಎಂದು ಹೆಸರಿರುವ ದೊಡ್ಡ ಫೈಲ್. ಡಿಸ್ಕ್ರಿಪ್ಟರ್ ಕಳೆದುಹೋದರೆ ಹೆದರಬೇಕಿಲ್ಲ. ಫ್ಲ್ಯಾಟ್ ಫೈಲ್ ಎಂದರೆ ಡಿಸ್ಕ್‌ನ ಕಚ್ಚಾ ಪ್ರತಿಯೇ, ಲಿನಕ್ಸ್ ಅದನ್ನು ನೇರ ಓದುತ್ತದೆ. ಬೇಕಾದರೆ ಅಷ್ಟೇ ಗಾತ್ರದ ಹೊಸ ಡಿಸ್ಕ್ ಸೃಷ್ಟಿಸಿ, ಅದರ ಡಿಸ್ಕ್ರಿಪ್ಟರ್‌ನಲ್ಲಿ ಫೈಲ್ ಹೆಸರು ಬದಲಿಸಿ ಹಳೆಯದಕ್ಕೆ ಜೋಡಿಸಬಹುದು.

ವರ್ಚುವಲ್‌ಬಾಕ್ಸ್‌ನಲ್ಲಿ ಸ್ನ್ಯಾಪ್‌ಶಾಟ್‌ಗಳು ಪ್ರತ್ಯೇಕ ಫೋಲ್ಡರ್‌ನಲ್ಲಿ ಉದ್ದುದ್ದ ಯುಯುಐಡಿ (ಪ್ರತಿಯೊಂದಕ್ಕೂ ಬೇರೆಯಾದ ಗುರುತಿನ ಸಂಖ್ಯೆ) ಹೆಸರಿನಲ್ಲಿ ಇರುತ್ತವೆ. ಯಾವುದು ಯಾವುದರ ಮಗು ಎಂಬುದು ವಿಬಾಕ್ಸ್ ಎಂಬ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಬರೆದಿರುತ್ತದೆ. ಆ ಫೈಲ್ ಹಾಳಾಗಿದ್ದರೆ ಪಕ್ಕದಲ್ಲೇ ವಿಬಾಕ್ಸ್-ಪ್ರೆವ್ ಹೆಸರಿನ ಹಿಂದಿನ ಪ್ರತಿ ಇರುತ್ತದೆ. ಅದನ್ನು ಕಾಪಿ ಮಾಡಿ ಹೆಸರು ಬದಲಿಸಿ ನೋಡಿ. ಸರಪಳಿ ಒಂದಾಗಿಸಲು ವಿಬಾಕ್ಸ್‌ಮ್ಯಾನೇಜ್‌ನ ಕ್ಲೋನ್‌ಮೀಡಿಯಂ ಆಜ್ಞೆಗೆ ತುದಿಯ ಡಿಸ್ಕ್ ಕೊಡಿ, ಹೊಸ ಫೈಲ್‌ನಲ್ಲಿ ಎಲ್ಲವೂ ಸೇರಿ ಬರುತ್ತದೆ. ಕಾಪಿ ಮಾಡಿದ ವಿಡಿಐ (ವರ್ಚುವಲ್‌ಬಾಕ್ಸ್‌ನ ಡಿಸ್ಕ್) ಫೈಲ್ ಅನ್ನು ಅದೇ ವರ್ಚುವಲ್‌ಬಾಕ್ಸ್‌ಗೆ ಸೇರಿಸಲು ಹೋದರೆ ಈ ಯುಯುಐಡಿ ಆಗಲೇ ಇದೆ ಎಂದು ತಕರಾರು ಮಾಡುತ್ತದೆ. ಯುಯುಐಡಿ ಬದಲಿಸುವ ಆಜ್ಞೆ ಇದೆ ನಿಜ, ಆದರೆ ಸ್ನ್ಯಾಪ್‌ಶಾಟ್ ಇರುವ ಮೂಲ ಡಿಸ್ಕ್ ಮೇಲೆ ಅದನ್ನು ಓಡಿಸಿದರೆ ಮಕ್ಕಳ ಕೊಂಡಿ ಕಳಚುತ್ತದೆ. ಒಂಟಿ ಡಿಸ್ಕ್‌ಗೆ ಮಾತ್ರ ಬಳಸಿ.

ಹೈಪರ್-ವಿಯಲ್ಲಿ ಚೆಕ್‌ಪಾಯಿಂಟ್‌ಗಳು (ಸ್ನ್ಯಾಪ್‌ಶಾಟ್‌ಗೆ ಅಲ್ಲಿನ ಹೆಸರು) ಎವಿಎಚ್‌ಡಿಎಕ್ಸ್ ಫೈಲ್‌ಗಳು. ಹೈಪರ್-ವಿ ಮ್ಯಾನೇಜರ್‌ನ ಇನ್‌ಸ್ಪೆಕ್ಟ್ ಡಿಸ್ಕ್ ಪೇರೆಂಟ್ ಯಾವುದೆಂದು ತೋರಿಸುತ್ತದೆ. ಪವರ್‌ಶೆಲ್‌ನಲ್ಲಿ ಕನ್ವರ್ಟ್-ವಿಎಚ್‌ಡಿ ಆಜ್ಞೆಗೆ ತುದಿಯ ಎವಿಎಚ್‌ಡಿಎಕ್ಸ್ ಕೊಟ್ಟರೆ ಸರಪಳಿ ಪೂರ್ತಿ ಸೇರಿದ ಒಂಟಿ ಡಿಸ್ಕ್ ಸಿಗುತ್ತದೆ. ಕೆವಿಎಂನಲ್ಲಿ ಡಿಸ್ಕ್ ಫೈಲ್ ನಿಭಾಯಿಸುವ ಕ್ಯೂಎಮು-ಐಎಂಜಿ ಉಪಕರಣದ ಇನ್ಫೋ ಆಜ್ಞೆಗೆ ಬ್ಯಾಕಿಂಗ್-ಚೈನ್ ಆಯ್ಕೆ ಸೇರಿಸಿದರೆ ಸರಪಳಿ ಪಟ್ಟಿಯಾಗುತ್ತದೆ, ಕನ್ವರ್ಟ್ ಆಜ್ಞೆ ಅದನ್ನು ಒಂದು ಮಾಡುತ್ತದೆ.

ಕ್ಯೂಎಮು-ಐಎಂಜಿ ಬಹುಭಾಷಾ ಪಂಡಿತನಂತೆ ಕಂಡರೂ ವರ್ಚುವಲ್‌ಬಾಕ್ಸ್‌ನ ಸ್ನ್ಯಾಪ್‌ಶಾಟ್ ವಿಡಿಐ, ಹೈಪರ್-ವಿಯ ಪೇರೆಂಟ್ ಉಳ್ಳ ವಿಎಚ್‌ಡಿಎಕ್ಸ್ ಇವೆರಡೂ ಅದಕ್ಕೆ ಬರುವುದಿಲ್ಲ. ಸರಪಳಿಯನ್ನು ಆಯಾ ತಯಾರಕರ ಉಪಕರಣದಿಂದಲೇ ಒಂದಾಗಿಸಿ, ಆಮೇಲೆ ಇದರ ಕೈಗೆ ಕೊಡಿ.

ಹಂತ 4: ಡಿಸ್ಕ್ ತೆರೆಯಿರಿ

ಈಗ ನಿಮ್ಮ ಕೈಯಲ್ಲಿ ಒಂಟಿ, ಕಾಪಿ ಮಾಡಿದ ಡಿಸ್ಕ್ ಇದೆ. ತೆರೆಯಲು ದಾರಿ ಹಲವು.

ನನಗೆ ಎಲ್ಲಕ್ಕಿಂತ ಹಿಡಿಸುವುದು ಇನ್ನೊಂದು ಆರೋಗ್ಯವಂತ ವಿಎಂಗೆ ಇದನ್ನು ಎರಡನೇ ಡಿಸ್ಕ್ ಆಗಿ ಜೋಡಿಸುವುದು. ಯಾವ ಹೈಪರ್‌ವೈಸರ್‌ನಲ್ಲಾದರೂ ನಡೆಯುತ್ತದೆ, ಹೊಸ ಸಾಫ್ಟ್‌ವೇರ್ ಬೇಡ, ಹೋಸ್ಟ್‌ಗೆ ಅಪಾಯವಿಲ್ಲ. ಈ ಸಹಾಯಕ ವಿಎಂ ಅನ್ನು ಆಫ್ ಮಾಡಿ, ಅದರ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್‌ಗೆ ಹೋಗಿ, ಈಗಾಗಲೇ ಇರುವ ಡಿಸ್ಕ್ ಸೇರಿಸುವ ಆಯ್ಕೆ ಒತ್ತಿ, ಕಾಪಿ ಫೈಲ್ ತೋರಿಸಿ. ಬೂಟ್ ಕ್ರಮದಲ್ಲಿ ಸಹಾಯಕ ವಿಎಂನ ಸ್ವಂತ ಡಿಸ್ಕ್ ಮೊದಲಿರಲಿ. ಗೆಸ್ಟ್ ವಿಂಡೋಸ್ ಆಗಿದ್ದರೆ ವಿಂಡೋಸ್ ಸಹಾಯಕ, ಲಿನಕ್ಸ್ ಆಗಿದ್ದರೆ ಲಿನಕ್ಸ್ ಸಹಾಯಕ ಇಟ್ಟುಕೊಂಡರೆ ಫೈಲ್‌ಸಿಸ್ಟಂ ತಲೆನೋವು ಕಡಿಮೆ.

ಸಹಾಯಕ ವಿಎಂ ಇಲ್ಲದಿದ್ದರೆ ಕೆಟ್ಟ ವಿಎಂನ ಕಾಪಿಗೇ ಲೈವ್ ಐಎಸ್‌ಒ (ಇನ್‌ಸ್ಟಾಲ್ ಮಾಡದೆ ನೇರ ಓಡುವ ಓಎಸ್‌ನ ಡಿಸ್ಕ್ ಇಮೇಜ್) ಹಾಕಿ ಬೂಟ್ ಮಾಡಿ. ಸಿಸ್ಟಂರೆಸ್ಕ್ಯೂ ಈ ಕೆಲಸಕ್ಕೆಂದೇ ತಯಾರಾದದ್ದು. ಉಬುಂಟು ಡೆಸ್ಕ್‌ಟಾಪ್ ಐಎಸ್‌ಒ ಕೂಡ ಸಾಕು, ಇನ್‌ಸ್ಟಾಲ್ ಮಾಡದೆ ಪ್ರಯತ್ನಿಸುವ ಆಯ್ಕೆ ಒತ್ತಬೇಕು ಅಷ್ಟೆ. ಹೊರಗೆ ಸಾಗಿಸಲು ಎಸ್‌ಎಸ್‌ಎಚ್ ಮೂಲಕ ಆರ್‌ಸಿಂಕ್, ಹೋಸ್ಟ್‌ನ ನೆಟ್‌ವರ್ಕ್ ಶೇರ್, ಇಲ್ಲವೇ ವಿಎಂಗೆ ಜೋಡಿಸಿದ ಖಾಲಿ ಡಿಸ್ಕ್, ಯಾವುದಾದರೂ ಆಗಬಹುದು. ಡ್ರ್ಯಾಗ್ ಮಾಡಿ ಹೊರಗೆಳೆಯುವ ಸೌಲಭ್ಯ ಗೆಸ್ಟ್ ಅಡಿಷನ್ಸ್ ಇಲ್ಲದೆ ಸಿಗುವುದಿಲ್ಲ.

ವಿಂಡೋಸ್ ಹೋಸ್ಟ್‌ನಲ್ಲಿ ವಿಎಚ್‌ಡಿ, ವಿಎಚ್‌ಡಿಎಕ್ಸ್ (ಹೈಪರ್-ವಿಯ ಡಿಸ್ಕ್ ಫೈಲ್‌ಗಳು) ನೇರ ಮೌಂಟ್ ಆಗುತ್ತವೆ, ಅಂದರೆ ಡ್ರೈವ್‌ನಂತೆ ತೆರೆದುಕೊಳ್ಳುತ್ತವೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನ ಆ್ಯಕ್ಷನ್ ಮೆನುವಿನಲ್ಲಿ ಅಟ್ಯಾಚ್ ವಿಎಚ್‌ಡಿ ಇದೆ. ಅಲ್ಲಿ ರೀಡ್-ಓನ್ಲಿ ಗುರುತು ಹಾಕಿಯೇ ಮುಂದೆ ಹೋಗಿ. ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆದರೆ ಬರೆಯಲು ಬರುವಂತೆ ಮೌಂಟ್ ಆಗುತ್ತದೆ. ಹೋಸ್ಟ್‌ನ ಡಿಸ್ಕ್‌ಗೂ ಇದಕ್ಕೂ ಡಿಸ್ಕ್ ಸಿಗ್ನೇಚರ್ ಒಂದೇ ಆಗಿದ್ದರೆ ಇದು ಆಫ್‌ಲೈನ್ ಎಂದು ಕಾಣಬಹುದು. ಆನ್‌ಲೈನ್ ಮಾಡಿದರೆ ವಿಂಡೋಸ್ ಹೊಸ ಸಿಗ್ನೇಚರ್ ಬರೆಯುತ್ತದೆ, ಆಮೇಲೆ ಆ ಡಿಸ್ಕ್‌ನಿಂದ ಬೂಟ್ ಆಗುವುದು ಇನ್ನೂ ಕಷ್ಟ. ಕಾಪಿಯಲ್ಲಿ ಇದರಿಂದ ನಷ್ಟವಿಲ್ಲ.

ಲಿನಕ್ಸ್ ಹೋಸ್ಟ್‌ನಲ್ಲಿ ಲಿಬ್‌ಗೆಸ್ಟ್‌ಎಫ್‌ಎಸ್ (ವಿಎಂ ಡಿಸ್ಕ್‌ಗಳನ್ನು ಹೊರಗಿನಿಂದ ತೆರೆಯುವ ಉಪಕರಣಗಳ ಗುಂಪು) ಇದ್ದರೆ ಕೆಲಸ ಹಗುರ. ಗೆಸ್ಟ್‌ಮೌಂಟ್‌ಗೆ ಡಿಸ್ಕ್ ಕೊಟ್ಟು, ತಾನೇ ಪರಿಶೀಲಿಸುವ ಆಯ್ಕೆ ಹಾಗೂ ರೀಡ್-ಓನ್ಲಿ ಆಯ್ಕೆ ಹಾಕಿದರೆ, ಪಾರ್ಟಿಷನ್, ಎಲ್‌ವಿಎಂ (ಲಿನಕ್ಸ್‌ನಲ್ಲಿ ಡಿಸ್ಕ್ ಜಾಗವನ್ನು ವಾಲ್ಯೂಮ್‌ಗಳಾಗಿ ಹಂಚುವ ವ್ಯವಸ್ಥೆ) ಎಲ್ಲ ಅದೇ ಹುಡುಕಿ ಒಂದು ಫೋಲ್ಡರ್‌ನಲ್ಲಿ ತೆರೆದಿಡುತ್ತದೆ. ಓಎಸ್ ಗುರುತು ಸಿಗದಷ್ಟು ಕೆಟ್ಟಿದ್ದರೆ ವರ್ಟ್-ಫೈಲ್‌ಸಿಸ್ಟಮ್ಸ್‌ನಿಂದ ಪಟ್ಟಿ ತೆಗೆದು ಬೇಕಾದ ಪಾರ್ಟಿಷನ್ ಹೆಸರನ್ನು ನೀವೇ ಕೊಡಿ. ಒಂದೆರಡು ಫೋಲ್ಡರ್ ಸಾಕೆಂದರೆ ವರ್ಟ್-ಕಾಪಿ-ಔಟ್ ಮೌಂಟ್ ಮಾಡದೆಯೇ ತಂದುಕೊಡುತ್ತದೆ. ಇದು ಒಳಗೊಳಗೆ ಪುಟ್ಟದೊಂದು ವಿಎಂ ಎಬ್ಬಿಸಿ ಅದರಲ್ಲಿ ಡಿಸ್ಕ್ ತೆರೆಯುವುದರಿಂದ ನಂಬಲಾಗದ ಡಿಸ್ಕ್‌ಗಳಿಗೂ ಒಳ್ಳೆಯದು. ವೈರಸ್ ಹೊಕ್ಕ ವಿಎಂ ಆಗಿದ್ದರೆ ಹೋಸ್ಟ್‌ನಲ್ಲಿ ನೇರ ಮೌಂಟ್ ಮಾಡಲೇಬೇಡಿ. ಇದನ್ನು ಬಳಸಿ, ಇಲ್ಲವೇ ನೆಟ್‌ವರ್ಕ್ ಕಿತ್ತ ಸಹಾಯಕ ವಿಎಂ ಬಳಸಿ.

ಲಿಬ್‌ಗೆಸ್ಟ್‌ಎಫ್‌ಎಸ್ ಇಲ್ಲದಿದ್ದರೆ ಕ್ಯೂಎಮು-ಎನ್‌ಬಿಡಿ. ಮೊದಲು ಎನ್‌ಬಿಡಿ ಕರ್ನಲ್ ಮಾಡ್ಯೂಲ್ ಲೋಡ್ ಮಾಡಿ, ಮ್ಯಾಕ್ಸ್-ಪಾರ್ಟ್ 8 ಎಂದು ಕೊಡಿ. ಆಮೇಲೆ ರೀಡ್-ಓನ್ಲಿ ಆಯ್ಕೆಯೊಂದಿಗೆ ಡಿಸ್ಕ್ ಫೈಲ್ ಅನ್ನು ಮೊದಲ ಎನ್‌ಬಿಡಿ ಸಾಧನಕ್ಕೆ ಜೋಡಿಸಿದರೆ ಪಾರ್ಟಿಷನ್‌ಗಳು ಸಾಮಾನ್ಯ ಡಿಸ್ಕ್‌ನಂತೆ ಕಾಣುತ್ತವೆ. ಮುಗಿದ ಮೇಲೆ ಅನ್‌ಮೌಂಟ್, ನಂತರ ಡಿಸ್‌ಕನೆಕ್ಟ್, ಇದೇ ಕ್ರಮದಲ್ಲಿ. ಕಚ್ಚಾ ಡಿಸ್ಕ್‌ಗೆ ಎನ್‌ಬಿಡಿ ಕೂಡ ಬೇಡ, ಲೂಪ್ ಸಾಧನ ಸಾಕು.

ನಾಲ್ಕೈದು ಫೈಲ್ ಮಾತ್ರ ಬೇಕು, ಸ್ನ್ಯಾಪ್‌ಶಾಟ್ ಇಲ್ಲ ಎನ್ನುವವರು 7-ಜಿಪ್ ಪ್ರಯತ್ನಿಸಿ ನೋಡಿ. ಹೊಸ ಆವೃತ್ತಿಗಳು ವಿಎಂಡಿಕೆ (ವಿಎಂವೇರ್‌ನದು), ವಿಡಿಐ, ವಿಎಚ್‌ಡಿಎಕ್ಸ್, ಕ್ಯೂಕೌ2 (ಕೆವಿಎಂನದು) ಡಿಸ್ಕ್‌ಗಳೆಲ್ಲವನ್ನೂ ಜಿಪ್ ಫೈಲ್‌ನಂತೆ ತೆರೆದು, ಒಳಗಿನ ಎನ್‌ಟಿಎಫ್‌ಎಸ್, ಇಎಕ್ಸ್‌ಟಿ4 ಓದುತ್ತವೆ. ಎಲ್‌ವಿಎಂ, ಎನ್‌ಕ್ರಿಪ್ಶನ್ ಇದ್ದಲ್ಲಿ ಇದನ್ನು ನೆಚ್ಚಬೇಡಿ.

ಹಂತ 5: ಮೌಂಟ್ ಆಗದಿದ್ದರೆ

ಡಿಸ್ಕ್ ಕಾಣುತ್ತದೆ, ಪಾರ್ಟಿಷನ್ ಕಾಣುತ್ತದೆ, ಮೌಂಟ್ ಆಗುವುದಿಲ್ಲ. ಇಲ್ಲಿ ಸೋತು ಕೈಚೆಲ್ಲುವವರು ಹೆಚ್ಚು, ಆದರೆ ಕಾರಣಗಳು ಹೆಚ್ಚಾಗಿ ಸಾದಾ.

ಲಿನಕ್ಸ್ ಗೆಸ್ಟ್ ಅರ್ಧಕ್ಕೆ ನಿಂತಿದ್ದರೆ ಜರ್ನಲ್‌ನಲ್ಲಿ (ಫೈಲ್‌ಸಿಸ್ಟಂ ತಾನು ಮಾಡಲಿರುವ ಬದಲಾವಣೆ ಬರೆದಿಡುವ ದಾಖಲೆ) ಮುಗಿಯದ ಕೆಲಸ ಇರುತ್ತದೆ. ಮೌಂಟ್ ಮಾಡುವಾಗ ಕರ್ನಲ್ ಅದನ್ನು ಪೂರ್ತಿಗೊಳಿಸಲು ಡಿಸ್ಕ್‌ಗೆ ಬರೆಯಬೇಕು. ರೀಡ್-ಓನ್ಲಿ ಸಾಧನದಲ್ಲಿ ಬರೆಯಲಾಗದೆ ಸೋಲುತ್ತದೆ. ಇಎಕ್ಸ್‌ಟಿ4ಗೆ ನೋಲೋಡ್, ಎಕ್ಸ್‌ಎಫ್‌ಎಸ್‌ಗೆ ನೋರಿಕವರಿ ಆಯ್ಕೆ ಕೊಟ್ಟರೆ ಜರ್ನಲ್ ಬಿಟ್ಟು ಮೌಂಟ್ ಆಗುತ್ತದೆ. ಆದರೆ ಜರ್ನಲ್ ಬಿಟ್ಟರೆ ಕೊನೆಕೊನೆಯ ಬದಲಾವಣೆಗಳು ಅಸ್ತವ್ಯಸ್ತವಾಗಿ ಕಾಣಬಹುದು. ಇದಕ್ಕಿಂತ ನಾನು ಮೆಚ್ಚುವುದು ಓವರ್‌ಲೇ: ಕ್ಯೂಎಮು-ಐಎಂಜಿಯಿಂದ ಖಾಲಿ ಕ್ಯೂಕೌ2 ಸೃಷ್ಟಿಸಿ, ಕಾಪಿ ಡಿಸ್ಕ್ ಅನ್ನು ಅದರ ಬ್ಯಾಕಿಂಗ್ ಫೈಲ್ ಮಾಡಿ, ಓವರ್‌ಲೇಯನ್ನು ಬರೆಯಲು ಬರುವಂತೆ ತೆರೆಯುವುದು. ಜರ್ನಲ್ ತನ್ನ ಕೆಲಸ ಮುಗಿಸುತ್ತದೆ, ಬರೆದದ್ದೆಲ್ಲ ಓವರ್‌ಲೇಗೆ ಹೋಗುತ್ತದೆ, ಕಾಪಿ ಹಾಗೇ ಉಳಿಯುತ್ತದೆ. ಎಡವಟ್ಟಾದರೆ ಓವರ್‌ಲೇ ಅಳಿಸಿ ಹೊಸದು ಮಾಡಿ, ನೂರಾರು ಜಿಬಿ ಮತ್ತೆ ಕಾಪಿ ಮಾಡುವ ಶಿಕ್ಷೆ ಇಲ್ಲ. ಎಫ್‌ಎಸ್‌ಸಿಕೆ, ಎಕ್ಸ್‌ಎಫ್‌ಎಸ್ ರಿಪೇರಿ, ಚೆಕ್‌ಡಿಸ್ಕ್ ಮುಂತಾದ ತಿದ್ದುವ ಉಪಕರಣಗಳು ಏನಿದ್ದರೂ ಇದರ ಮೇಲೆಯೇ. ಅವುಗಳ ಗುರಿ ಫೈಲ್‌ಸಿಸ್ಟಂ ಅನ್ನು ಸುಸಂಗತಗೊಳಿಸುವುದು, ಅದಕ್ಕಾಗಿ ನಿಮ್ಮ ಫೈಲ್ ಬಲಿಕೊಡಲು ಅವು ಹಿಂಜರಿಯುವುದಿಲ್ಲ.

ಸಹಾಯಕ ವಿಎಂ ಮತ್ತು ಕೆಟ್ಟ ವಿಎಂ ಒಂದೇ ಟೆಂಪ್ಲೇಟ್‌ನಿಂದ ಹುಟ್ಟಿದ್ದರೆ ಗುರುತುಗಳೂ ಒಂದೇ ಆಗಿರುತ್ತವೆ. ಎಕ್ಸ್‌ಎಫ್‌ಎಸ್ ಒಂದೇ ಯುಯುಐಡಿಯ ಎರಡನ್ನು ಒಟ್ಟಿಗೆ ಮೌಂಟ್ ಮಾಡುವುದಿಲ್ಲ, ನೋಯುಯುಐಡಿ ಆಯ್ಕೆ ಬೇಕು. ಎಲ್‌ವಿಎಂನಲ್ಲಿ ವಾಲ್ಯೂಮ್ ಗ್ರೂಪ್ ಹೆಸರು ಡಿಕ್ಕಿ ಹೊಡೆದರೆ ವಿಜಿಇಂಪೋರ್ಟ್‌ಕ್ಲೋನ್ ಹೊಸ ಹೆಸರು ಕೊಡುತ್ತದೆ. ಡಿಕ್ಕಿಯೇ ಇಲ್ಲದಿದ್ದರೆ ವಿಜಿಚೇಂಜ್‌ನಿಂದ ಗ್ರೂಪ್ ಸಕ್ರಿಯಗೊಳಿಸಿದರೆ ಸಾಕು. ಸಹಾಯಕ ವಿಎಂ ಬೇರೆ ಡಿಸ್ಟ್ರೊ ಆಗಿದ್ದರೆ ಈ ರಗಳೆ ಬಹುಪಾಲು ತಪ್ಪುತ್ತದೆ.

ವಿಂಡೋಸ್ ಗೆಸ್ಟ್ ಹೈಬರ್ನೇಟ್ ಆಗಿದ್ದರೆ, ಅಥವಾ ಫಾಸ್ಟ್ ಸ್ಟಾರ್ಟಪ್‌ನೊಂದಿಗೆ ಶಟ್‌ಡೌನ್ ಆಗಿದ್ದರೆ, ಲಿನಕ್ಸ್ ಅದನ್ನು ಬರೆಯಲು ಬರುವಂತೆ ಮೌಂಟ್ ಮಾಡಲು ಒಪ್ಪುವುದಿಲ್ಲ. ರೀಡ್-ಓನ್ಲಿ ಸಾಕು, ಹೈಬರ್ನೇಶನ್ ಫೈಲ್ ಅಳಿಸುವ ಆಯ್ಕೆ ಬಳಸಬೇಡಿ.

ಎನ್‌ಕ್ರಿಪ್ಶನ್ ಇದ್ದರೆ ಕೀ ಬೇಕೇ ಬೇಕು, ಒಳದಾರಿ ಇಲ್ಲ. ಬಿಟ್‌ಲಾಕರ್ (ವಿಂಡೋಸ್‌ನ ಎನ್‌ಕ್ರಿಪ್ಶನ್) ಇರುವ ಡಿಸ್ಕ್ ತನ್ನ ವಿಎಂನ ವರ್ಚುವಲ್ ಟಿಪಿಎಂನಿಂದ (ಕೀ ಕಾಯುವ ಭದ್ರತಾ ಚಿಪ್) ದೂರವಾದ ಮೇಲೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಮೈಕ್ರೋಸಾಫ್ಟ್ ಖಾತೆಯಲ್ಲೋ ಸಂಸ್ಥೆಯ ಡೈರೆಕ್ಟರಿಯಲ್ಲೋ ಇದ್ದೀತು. ಲಿನಕ್ಸ್‌ನಲ್ಲಿ ಕ್ರಿಪ್ಟ್‌ಸೆಟಪ್‌ನ 2.3 ಮತ್ತು ನಂತರದ ಆವೃತ್ತಿಗಳು ಬಿಟ್‌ಲಾಕರ್ ಡಿಸ್ಕ್ ತೆರೆಯಬಲ್ಲವು. ಲಿನಕ್ಸ್‌ನ ಎನ್‌ಕ್ರಿಪ್ಶನ್ ಆದ ಎಲ್‌ಯುಕೆಎಸ್‌ಗೂ ಅದೇ ಉಪಕರಣ. ವಿಎಂವೇರ್, ವರ್ಚುವಲ್‌ಬಾಕ್ಸ್‌ಗಳು ಹೊರಗಿನಿಂದ ಹಾಕಿದ ಎನ್‌ಕ್ರಿಪ್ಶನ್ ಆದರೆ ಕಾನ್ಫಿಗರೇಶನ್ ಫೈಲ್ ಕೂಡ ಬೇಕು. ಹಂತ 2ರಲ್ಲಿ ಇಡೀ ಫೋಲ್ಡರ್ ಕಾಪಿ ಮಾಡಿ ಎಂದದ್ದಕ್ಕೆ ಇದೂ ಒಂದು ಕಾರಣ.

ಹಂತ 6: ಯಾವುದನ್ನು, ಹೇಗೆ ಹೊರತರಬೇಕು

ಬೆಲೆಬಾಳುವುದು ಮೊದಲು. ವಿಂಡೋಸ್‌ನಲ್ಲಿ ಯೂಸರ್ಸ್ ಫೋಲ್ಡರ್ ಪೂರ್ತಿ, ಅದರೊಳಗಿನ ಅಡಗಿಸಿದ ಆ್ಯಪ್‌ಡೇಟಾ ಸಮೇತ. ಬ್ರೌಸರ್ ಬುಕ್‌ಮಾರ್ಕ್, ಮೇಲ್ ಪ್ರೊಫೈಲ್ ಎಲ್ಲ ಅಲ್ಲೇ ಇರುತ್ತವೆ. ಅನುಮತಿ ಇಲ್ಲ ಎಂದು ಎಕ್ಸ್‌ಪ್ಲೋರರ್ ಅಡ್ಡ ಬಂದರೆ ಮಾಲೀಕತ್ವ ಬದಲಿಸುವ ಬದಲು ಅಡ್ಮಿನಿಸ್ಟ್ರೇಟರ್ ಆಗಿ ರೋಬೊಕಾಪಿಯನ್ನು ಬ್ಯಾಕಪ್ ಮೋಡ್‌ನಲ್ಲಿ ಓಡಿಸಿ. ಇಎಫ್‌ಎಸ್‌ನಿಂದ ಎನ್‌ಕ್ರಿಪ್ಟ್ ಮಾಡಿದ ಫೈಲ್‌ಗಳಿಗೆ ಆ ಬಳಕೆದಾರರ ಸರ್ಟಿಫಿಕೇಟ್ ಬೇಕು, ಕಾಪಿ ಆದರೂ ತೆರೆಯುವುದಿಲ್ಲ.

ಲಿನಕ್ಸ್‌ನಲ್ಲಿ ಹೋಮ್ ಮಾತ್ರ ತೆಗೆದುಕೊಂಡು ಸುಮ್ಮನಾದವರು ಆಮೇಲೆ ಪರದಾಡುತ್ತಾರೆ. ರೂಟ್ ಬಳಕೆದಾರನ ಫೋಲ್ಡರ್, ಇಟಿಸಿ ಪೂರ್ತಿ, ಆಪ್ಟ್, ಎಸ್‌ಆರ್‌ವಿ, ಕ್ರಾನ್ ಪಟ್ಟಿಗಳು, ವೆಬ್ ಸರ್ವರ್‌ನ ಫೋಲ್ಡರ್, ಡಾಕರ್ ವಾಲ್ಯೂಮ್‌ಗಳು, ಇವೆಲ್ಲ ನೆನಪಿನಲ್ಲಿರಲಿ. ಮಾಲೀಕತ್ವ, ಅನುಮತಿ, ಲಿಂಕ್‌ಗಳು ಉಳಿಯಬೇಕಾದರೆ ಆರ್‌ಸಿಂಕ್‌ಗೆ ಆರ್ಕೈವ್ ಹಾಗೂ ಸಂಖ್ಯಾರೂಪದ ಐಡಿ ಆಯ್ಕೆ ಕೊಡಿ. ಗುರಿಯ ಡ್ರೈವ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆಗಿದ್ದರೆ ಟಾರ್ ಫೈಲ್ ಆಗಿ ಕಟ್ಟಿ ಒಯ್ಯಿರಿ.

ಡೇಟಾಬೇಸ್‌ಗೆ ಬೇರೆಯೇ ನಿಯಮ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಗಳ ಡೇಟಾ ಡೈರೆಕ್ಟರಿಯನ್ನು ಇಡಿಯಾಗಿ, ಲಾಗ್ ಫೈಲ್‌ಗಳ ಸಮೇತ ತರಬೇಕು. ಬೇಕಾದ ಟೇಬಲ್‌ನ ಫೈಲ್ ಒಂದನ್ನೇ ಹೆಕ್ಕಿದರೆ ಅದು ಬರೀ ಬೈಟ್‌ಗಳ ರಾಶಿ. ಹೊಸ ವಿಎಂನಲ್ಲಿ ಅದೇ ಪ್ರಮುಖ ಆವೃತ್ತಿಯ ಸರ್ವರ್ ಹಾಕಿ, ಈ ಡೈರೆಕ್ಟರಿಯ ಕಾಪಿ ತೋರಿಸಿ ಶುರುಮಾಡಿ. ಅರ್ಧಕ್ಕೆ ನಿಂತ ವಹಿವಾಟುಗಳನ್ನು ಅದು ತಾನೇ ಸರಿಮಾಡಿಕೊಳ್ಳುತ್ತದೆ. ಎದ್ದ ಕೂಡಲೇ ಡಂಪ್ ತೆಗೆದು ಪಕ್ಕಕ್ಕಿಡಿ.

ಹಂತ 7: ಪಾರ್ಟಿಷನ್ನೇ ಕಾಣದಿದ್ದರೆ

ಮೊದಲು ಹೊದಿಕೆಯನ್ನು, ಅಂದರೆ ಡಿಸ್ಕ್ ಫೈಲ್‌ನ ರಚನೆಯನ್ನು ಪರೀಕ್ಷಿಸಿ. ಕ್ಯೂಕೌ2ಗೆ ಕ್ಯೂಎಮು-ಐಎಂಜಿಯ ಚೆಕ್ ಇದೆ. ಅದು ಲೀಕ್ ಆದ ಕ್ಲಸ್ಟರ್ ಎಂದರೆ ಜಾಗ ವ್ಯರ್ಥ ಅಷ್ಟೆ, ಡೇಟಾಕ್ಕೆ ತೊಂದರೆಯಿಲ್ಲ. ಕರಪ್ಷನ್ ಎಂದರೆ ಯೋಚಿಸಬೇಕಾದದ್ದು, ರಿಪೇರಿ ಆಯ್ಕೆ ಕಾಪಿಯ ಮೇಲಷ್ಟೇ. ವಿಎಚ್‌ಡಿಎಕ್ಸ್‌ಗೆ ತನ್ನದೇ ಆಂತರಿಕ ಲಾಗ್ ಇರುತ್ತದೆ. ಅದು ಬಾಕಿಯಿದ್ದರೆ ಕ್ಯೂಎಮು ರೀಡ್-ಓನ್ಲಿಯಾಗಿ ತೆರೆಯಲು ನಿರಾಕರಿಸುತ್ತದೆ, ಚೆಕ್‌ನ ರಿಪೇರಿ ಆಯ್ಕೆ ಆ ಲಾಗ್ ಮುಗಿಸುತ್ತದೆ. ವಿಎಂವೇರ್-ವಿಡಿಸ್ಕ್‌ಮ್ಯಾನೇಜರ್‌ನಲ್ಲೂ ರಿಪೇರಿ ಆಯ್ಕೆ ಇದೆ.

ಹೊದಿಕೆ ಸರಿಯಿದ್ದು ಪಾರ್ಟಿಷನ್ ಪಟ್ಟಿ ಅಳಿಸಿಹೋಗಿದ್ದರೆ ಡಿಸ್ಕ್ ಅನ್ನು ಕಚ್ಚಾ ರೂಪಕ್ಕೆ ಪರಿವರ್ತಿಸಿ ಟೆಸ್ಟ್‌ಡಿಸ್ಕ್‌ಗೆ ಕೊಡಿ. ಕ್ರಿಸ್ಟೋಫ್ ಗ್ರೆನಿಯೆ ಬರೆದ ಈ ಉಚಿತ ಉಪಕರಣ ಫೈಲ್‌ಸಿಸ್ಟಂಗಳ ಕುರುಹು ಹುಡುಕಿ ಕಳೆದ ಪಾರ್ಟಿಷನ್ ಪತ್ತೆಹಚ್ಚುತ್ತದೆ. ಪಟ್ಟಿಯನ್ನು ಡಿಸ್ಕ್‌ಗೆ ಬರೆಯುವ ಅಗತ್ಯವೂ ಇಲ್ಲ; ಸಿಕ್ಕ ಪಾರ್ಟಿಷನ್ ಒಳಗಿನ ಫೈಲ್‌ಗಳನ್ನು ಅಲ್ಲಿಂದಲೇ ತೋರಿಸಿ ಕಾಪಿ ಮಾಡಿಕೊಡುತ್ತದೆ. ಜಿಪಿಟಿ (ಪಾರ್ಟಿಷನ್ ಪಟ್ಟಿ ಬರೆಯುವ ಈಚಿನ ವಿಧಾನ) ಡಿಸ್ಕ್ ಆದರೆ ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕ್‌ನ ಕೊನೆಯಲ್ಲಿ ಇರುತ್ತದೆ, ಜಿಡಿಸ್ಕ್ ಅದರಿಂದ ಮೊದಲಿನದನ್ನು ಮತ್ತೆ ಕಟ್ಟುತ್ತದೆ. ಈಚಿನ ಓಎಸ್‌ಗಳಲ್ಲಿ ಮೊದಲ ಪಾರ್ಟಿಷನ್ ಸಾಮಾನ್ಯವಾಗಿ 2048ನೇ ಸೆಕ್ಟರ್‌ನಿಂದ, ಅಂದರೆ 10,48,576 ಬೈಟ್ ದಾಟಿದ ಮೇಲೆ ಶುರು. ಆ ಆಫ್‌ಸೆಟ್ ಕೊಟ್ಟು ಲೂಪ್ ಮೌಂಟ್ ಪ್ರಯತ್ನಿಸುವುದೂ ಒಂದು ಸಲೀಸು ದಾರಿ.

ಯಾವುದೂ ಫಲಿಸದಿದ್ದರೆ ಫೋಟೋರೆಕ್. ಫೈಲ್‌ಸಿಸ್ಟಂ ಲೆಕ್ಕಿಸದೆ ಫೈಲ್‌ಗಳ ಆರಂಭದ ಗುರುತಿನಿಂದ ಹುಡುಕುತ್ತದೆ, 480ಕ್ಕೂ ಹೆಚ್ಚು ಎಕ್ಸ್‌ಟೆನ್ಶನ್‌ಗಳನ್ನು ಬಲ್ಲದು. ಹೆಸರು, ಫೋಲ್ಡರ್, ದಿನಾಂಕ ಹೆಚ್ಚಾಗಿ ಉಳಿಯುವುದಿಲ್ಲ. ಸಾವಿರಾರು ಅನಾಮಧೇಯ ಫೈಲ್‌ಗಳ ಗುಡ್ಡೆ ಸಿಗುತ್ತದೆ. ಚಿತ್ರ, ಪಿಡಿಎಫ್‌ಗೆ ಪರವಾಗಿಲ್ಲ, ಕೋಡ್‌ಗೆ ಹಿಂಸೆ. ಗೆಸ್ಟ್‌ನಲ್ಲಿ ಡಿಸ್ಕಾರ್ಡ್ (ಅಳಿಸಿದ ಫೈಲ್‌ಗಳ ಜಾಗವನ್ನು ಬಿಟ್ಟುಕೊಡುವ ಸೌಲಭ್ಯ) ಚಾಲೂ ಇದ್ದರೆ ಅಳಿಸಿದ ಫೈಲ್‌ಗಳ ಜಾಗ ಆಗಲೇ ಖಾಲಿ ಬಿದ್ದಿರುತ್ತದೆ, ಅವನ್ನು ಇದೂ ತರಲಾರದು.

ಕ್ಲೌಡ್‌ನಲ್ಲಿರುವ ವಿಎಂ ಆದರೆ

ತರ್ಕ ಇದೇ, ಹೆಸರು ಬೇರೆ. ಇನ್‌ಸ್ಟನ್ಸ್ ನಿಲ್ಲಿಸಿ, ಡೆಲೀಟ್ ಮಾಡಬೇಡಿ. ಕೆಲವು ಸೆಟ್ಟಿಂಗ್‌ಗಳಲ್ಲಿ ಅದರೊಂದಿಗೆ ಡಿಸ್ಕ್ ಕೂಡ ಹೋಗುತ್ತದೆ. ರೂಟ್ ಡಿಸ್ಕ್‌ನ ಸ್ನ್ಯಾಪ್‌ಶಾಟ್ ತೆಗೆದು, ಅದರಿಂದ ಹೊಸ ಡಿಸ್ಕ್ ಮಾಡಿ, ಅದೇ ಝೋನ್‌ನ ಇನ್ನೊಂದು ಇನ್‌ಸ್ಟನ್ಸ್‌ಗೆ ಜೋಡಿಸಿ. ಒಂದೇ ಇಮೇಜ್‌ನಿಂದ ಹುಟ್ಟಿದ ಯುಯುಐಡಿ ಡಿಕ್ಕಿ ಇಲ್ಲಿ ಪದೇಪದೇ ಎದುರಾಗುತ್ತದೆ. ತಾತ್ಕಾಲಿಕ ಲೋಕಲ್ ಡಿಸ್ಕ್‌ನಲ್ಲಿ ಇಟ್ಟ ಡೇಟಾವನ್ನು ಮಾತ್ರ ಈ ದಾರಿಯಲ್ಲಿ ತರಲಾಗದು, ಇನ್‌ಸ್ಟನ್ಸ್ ನಿಲ್ಲಿಸಿದರೆ ಅದು ಅಳಿಯುವ ಸಾಧ್ಯತೆಯಿದೆ. ನಿಲ್ಲಿಸುವ ಮೊದಲು ಅದನ್ನೊಮ್ಮೆ ಪರಿಶೀಲಿಸಿ.

ಹಂತ 8: ಸಿಕ್ಕಿದ್ದನ್ನು ಪರೀಕ್ಷಿಸಿ, ಆಮೇಲೆ ಹಳೆಯದರ ತಂಟೆಗೆ ಹೋಗಿ

ಫೈಲ್ ಹೆಸರು ಕಂಡಿತೆಂದರೆ ಒಳಗಿನದೂ ಇದೆ ಎಂದಲ್ಲ. ಗಾತ್ರ ಸೊನ್ನೆ ಇರುವ ಫೈಲ್‌ಗಳನ್ನು ಹುಡುಕಿ. ಇತ್ತೀಚೆಗೆ ಬದಲಾದವುಗಳ ಪಟ್ಟಿ ತೆಗೆದು ಮೊದಲು ಅವನ್ನೇ ತೆರೆದು ನೋಡಿ. ಬೂಟ್ ನಿಂತ ಹೊತ್ತಿಗೆ ಬರೆಯುತ್ತಿದ್ದವು ಅವೇ, ಕೆಟ್ಟಿದ್ದರೆ ಅವೇ ಕೆಟ್ಟಿರುತ್ತವೆ. ಗಿಟ್ ರೆಪೊಸಿಟರಿ ಇದ್ದರೆ ಗಿಟ್‌ನ ಎಫ್‌ಎಸ್‌ಸಿಕೆ ಓಡಿಸಿ, ಜಿಪ್‌ಗಳಿಗೆ ಟೆಸ್ಟ್ ಆಯ್ಕೆ ಇದೆ. ತೀರಾ ಇತ್ತೀಚಿನ ದಿನಾಂಕ ಯಾವುದು ಎಂಬುದನ್ನೂ ಗಮನಿಸಿ. ಅದು ತಿಂಗಳುಗಟ್ಟಲೆ ಹಿಂದಿನದಾಗಿದ್ದರೆ ನೀವು ತೆರೆದದ್ದು ಸರಪಳಿಯ ಬುಡವನ್ನು. ಹಂತ 3ಕ್ಕೆ ಮರಳಿ.

ಇಷ್ಟಾದ ಮೇಲೆ ವಿಎಂ ರಿಪೇರಿ ಮಾಡಬೇಕೆನಿಸಿದರೆ ನಿರಾಳವಾಗಿ ಮಾಡಿ. ಸೆಟ್ಟಿಂಗ್ ತಪ್ಪಿದ್ದು, ಬೂಟ್‌ಲೋಡರ್ ಹೋದದ್ದು ಆದರೆ ರಿಪೇರಿಯೇ ಸುಲಭ. ಸಿಸ್ಟಂ ಫೈಲ್‌ಗಳೇ ಅಲ್ಲಲ್ಲಿ ಹಾಳಾಗಿದ್ದರೆ ಹೊಸ ವಿಎಂ ಕಟ್ಟಿ ಫೈಲ್ ಹಾಕಿಕೊಳ್ಳುವುದೇ ಬೇಗ ಮುಗಿಯುವ ಕೆಲಸ. ಹಳೆಯ ಫೋಲ್ಡರ್ ಅಳಿಸುವ ಮುನ್ನ ಆ ಡಿಸ್ಕ್ ಮೇಲೆ ಯಾವುದಾದರೂ ಲಿಂಕ್ಡ್ ಕ್ಲೋನ್ ನಿಂತಿದೆಯೇ ನೋಡಿ. ಮೂಲ ಹೋದರೆ ಅದರಿಂದ ಕವಲೊಡೆದ, ಚೆನ್ನಾಗಿ ಓಡುತ್ತಿರುವ ವಿಎಂಗಳೂ ನಾಳೆ ಬೂಟ್ ಆಗುವುದಿಲ್ಲ.